ಸೇರಿನಿಂದ ಕಿಲೋವರೆಗೆ: ತೂಕ-ಅಳತೆಯ ಕಾನೂನು ನಡೆದು ಬಂದ ದಾರಿ

ಗಣೇಶಗುಡಿ: ಉತ್ತರ ಕನ್ನಡ ಜಿಲ್ಲೆ ಜೊಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಡ್ಡಲಾಗಿ ನಿಂತಿರುವ ಸೂಪಾ ಅಣೆಕಟ್ಟೆಯ ಎತ್ತರ 101 ಮೀಟರ್. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 564 ಮೀಟರ್. ಆದರೆ ಅಲ್ಲಿ ಸಂಗ್ರಹವಾಗುವ ನೀರಿನ ಲೆಕ್ಕ ಹೇಳುವಾಗ ಮೀಟರ್ ಮರೆಯಾಗಿ ಅಡಿ ಬರುತ್ತದೆ: ಸುಮಾರು 145 ಟಿಎಂಸಿ ಅಡಿ. ಸುತ್ತಲಿನ ಜಮೀನಿನ ಪಹಣಿಯಲ್ಲಿರುವುದು ಎಕರೆ ಮತ್ತು ಗುಂಟೆ. ಹಳೆಯ ತಲೆಮಾರಿನ ಕೃಷಿಕರ ಮಾತಿನಲ್ಲಿ ಭತ್ತಕ್ಕೆ ಖಂಡಿ, ಬಂಗಾರಕ್ಕೆ ತೊಲ. ಪೇಟೆಯ ಅಂಗಡಿಯಲ್ಲಿ ಮಾತ್ರ ಎಲ್ಲವೂ ಕಿಲೋ ಮತ್ತು ಲೀಟರ್.

ಒಂದೇ ಊರಿನ ಪರಿಸರದಲ್ಲಿ ಇಷ್ಟು ಬಗೆಯ ಅಳತೆಗಳು ಉಳಿದಿರುವುದು ಆಕಸ್ಮಿಕವಲ್ಲ. ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಇರಬೇಕೆಂಬ ಕಾನೂನು ರೂಪುಗೊಳ್ಳಲು ಈ ದೇಶದಲ್ಲಿ ಸರಿಸುಮಾರು ಒಂದು ಶತಮಾನ ಬೇಕಾಯಿತು. ಅದು ಅಂಗಡಿಯ ತಕ್ಕಡಿಯನ್ನು ಬದಲಿಸಿತು. ಹೊಲದ ಎಲ್ಲೆಯನ್ನೂ ನದಿಯ ನೀರಿನ ಲೆಕ್ಕವನ್ನೂ ಪೂರ್ಣವಾಗಿ ಬದಲಿಸಲಿಲ್ಲ. ತೂಕ-ಅಳತೆಯ ಕಾನೂನನ್ನು ಕೇವಲ ಅಂಕಿಗಳ ಲೆಕ್ಕಾಚಾರವೆಂದು ಭಾವಿಸುವವರೇ ಹೆಚ್ಚು. ಆದರೆ ಅದರ ಇತಿಹಾಸದುದ್ದಕ್ಕೂ ಇರುವ ಪ್ರಶ್ನೆ ಬೇರೆ: ಕೊಡುವವನು ಮತ್ತು ಕೊಳ್ಳುವವನು ಎದುರುಬದುರು ನಿಂತಾಗ ಅಳತೆಯ ಪಾತ್ರೆ ಯಾರದ್ದಾಗಿರಬೇಕು?

ಕೊಳಗ, ಬಳ್ಳ, ಖಂಡುಗ

ತೂಕ-ಅಳತೆಯ ಮೇಲೆ ಅರಸೊತ್ತಿಗೆಯ ನಿಗಾ ಇರಬೇಕೆಂಬ ವಿಚಾರ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಈ ಕೆಲಸಕ್ಕಾಗಿಯೇ ಪೌತವಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳುತ್ತದೆ. ವರ್ತಕರು ತಮ್ಮ ತೂಕದ ಬಟ್ಟುಗಳನ್ನು ನಾಲ್ಕು ತಿಂಗಳಿಗೊಮ್ಮೆ ಪರೀಕ್ಷೆಗೆ ಒಡ್ಡಿ ಮುದ್ರೆ ಹಾಕಿಸಿಕೊಳ್ಳಬೇಕೆಂದೂ ಅದಕ್ಕೆ ಶುಲ್ಕ ತೆರಬೇಕೆಂದೂ ವಿಧಿಸುತ್ತದೆ. ಇಂದಿನ ಇಲಾಖೆಯ ಕೆಲಸವೂ ಮೂಲತಃ ಇದೇ.

ಕನ್ನಡ ನಾಡಿನ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳಲಾಗಿದೆ. ಧಾನ್ಯವನ್ನು ಸೊಲ್ಲಗೆ, ಮಾನ, ಬಳ್ಳ, ಕೊಳಗ, ಖಂಡುಗಗಳಲ್ಲಿ ಎಣಿಸಲಾಗಿದೆ. ಭೂಮಿಯನ್ನು ಯಾವ ಗಳೆಯಿಂದ, ಅಂದರೆ ಯಾವ ಅಳತೆಗೋಲಿನಿಂದ ಅಳೆಯಲಾಯಿತು ಎಂಬುದನ್ನೂ ಹಲವು ಶಾಸನಗಳು ಹೆಸರಿಸುತ್ತವೆ. ಗಳೆಯ ಹೆಸರನ್ನು ಕಲ್ಲಿನಲ್ಲಿ ಕೊರೆಸಬೇಕಾಗಿ ಬಂದದ್ದೇ ಒಂದು ಸಾಕ್ಷ್ಯ. ಒಂದೂರಿನ ಗಳೆ ಇನ್ನೊಂದೂರಿನದ್ದಕ್ಕೆ ಸಮವಾಗಿರಲಿಲ್ಲ. ಹೆಸರು ಹೇಳದಿದ್ದರೆ ಮುಂದೆ ವ್ಯಾಜ್ಯ ಹುಟ್ಟುತ್ತಿತ್ತು.

ಇವುಗಳಲ್ಲಿ ಕೊಳಗ, ಬಳ್ಳ ಮುಂತಾದವು ಪಾತ್ರೆಯ ಅಳತೆಗಳೇ ಹೊರತು ತೂಕವಲ್ಲ. ಪಾತ್ರೆಯ ಅಳತೆಯಲ್ಲಿ ಕೈಚಳಕಕ್ಕೆ ಅವಕಾಶ ಹೆಚ್ಚು. ಭತ್ತವನ್ನು ಪಾತ್ರೆಯ ಬಾಯಿಮಟ್ಟಕ್ಕೆ ಕೈಯಾಡಿಸಿ ಅಳೆದರೆ ಒಂದು ಲೆಕ್ಕ, ಗೋಪುರದಂತೆ ರಾಶಿ ಮಾಡಿ ಅಳೆದರೆ ಇನ್ನೊಂದು. ಮೆಲ್ಲಗೆ ಸುರಿದರೆ ಕಡಿಮೆ ಹಿಡಿಯುತ್ತದೆ, ಕುಲುಕಿ ತುಂಬಿದರೆ ಹೆಚ್ಚು ಹಿಡಿಯುತ್ತದೆ. ಒಣಗಿದ ಭತ್ತಕ್ಕೂ ಹಸಿ ಭತ್ತಕ್ಕೂ ವ್ಯತ್ಯಾಸವುಂಟು. ಹೀಗಾಗಿ ಪಾತ್ರೆಯ ಗಾತ್ರದಷ್ಟೇ ಅದನ್ನು ತುಂಬುವ ಕೈಯೂ ಮುಖ್ಯವಾಗುತ್ತಿತ್ತು. ಕೊಡುವುದಕ್ಕೊಂದು ಕೊಳಗ, ತೆಗೆದುಕೊಳ್ಳುವುದಕ್ಕೊಂದು ಕೊಳಗ ಎಂಬ ದೂರು ಕನ್ನಡ ನಾಡಿನ ರೈತಾಪಿ ಜನರಲ್ಲಿ ತಲೆಮಾರುಗಳಿಂದ ಕೇಳಿಬಂದದ್ದು.

1801ರಲ್ಲಿ ಕೆನರಾ ಪ್ರಾಂತ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮೈಸೂರು, ಕೆನರಾ ಮತ್ತು ಮಲಬಾರ್ ಕುರಿತು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಊರೂರಿನ ತೂಕ-ಅಳತೆಗಳನ್ನು ಬೇರೆಬೇರೆಯಾಗಿ ವಿವರಿಸಬೇಕಾಯಿತು. ಸೇರು ಎಂಬ ಹೆಸರು ಎಲ್ಲೆಡೆ ಇತ್ತು. ಸೇರಿನ ತೂಕ ಮಾತ್ರ ಊರಿಗೊಂದಾಗಿತ್ತು.

ಮೂರು ಪ್ರಾಂತ್ಯ, ಮೂರು ಮಣ

ಬ್ರಿಟಿಷರ ಆಡಳಿತ ಬಂದ ಮಾತ್ರಕ್ಕೆ ಈ ಗೊಂದಲ ಕೊನೆಗೊಳ್ಳಲಿಲ್ಲ. ಮಣ ಎಂಬ ಒಂದೇ ಪದವು ಬಂಗಾಳದಲ್ಲಿ 82 ಪೌಂಡಿಗೂ ತುಸು ಹೆಚ್ಚಾಗಿದ್ದರೆ ಬೊಂಬಾಯಿಯಲ್ಲಿ 28 ಪೌಂಡ್, ಮದ್ರಾಸಿನಲ್ಲಿ 25 ಪೌಂಡ್ ಆಗಿತ್ತು. ಉತ್ತರ ಕನ್ನಡ ಜಿಲ್ಲೆಯ ಪಾಲಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಈ ಜಿಲ್ಲೆಯನ್ನು 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಪೂರ್ವಕ್ಕೆ ಧಾರವಾಡ, ದಕ್ಷಿಣಕ್ಕೆ ಮೈಸೂರು ಸಂಸ್ಥಾನ, ಪಶ್ಚಿಮದ ಘಟ್ಟದಾಚೆ ಪೋರ್ಚುಗೀಸರ ಗೋವಾ. ಹಳಿಯಾಳ, ಸೂಪಾ ಸೀಮೆಯಿಂದ ಹೊರಟ ಸರಕು ಯಾವ ದಿಕ್ಕಿಗೆ ಹೋದರೂ ಬೇರೊಂದು ಮಣವನ್ನು, ಬೇರೊಂದು ಖಂಡಿಯನ್ನು ಎದುರಿಸಬೇಕಾಗಿತ್ತು.

ಏಕರೂಪತೆಯತ್ತ ಇಟ್ಟ ಮೊದಲ ದೃಢ ಹೆಜ್ಜೆ 1833ರ ಬಂಗಾಳದ 7ನೇ ರೆಗ್ಯುಲೇಷನ್. ಅದು 180 ಗ್ರೇನ್ ತೂಕದ ರೂಪಾಯಿ ನಾಣ್ಯವನ್ನೇ ತೊಲದ ಆಧಾರವನ್ನಾಗಿ ಮಾಡಿತು. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ಮುಂದೆ ರೈಲ್ವೆಯು ಸರಕು ಸಾಗಣೆಗೆ ಇದೇ ತೂಕವನ್ನು ಬಳಸಿದ್ದರಿಂದ ಅದಕ್ಕೆ ರೈಲ್ವೆ ಮಣವೆಂಬ ಹೆಸರು ಬಂತು. ಶಾಸನಸಭೆಗಳು ಸಾಧಿಸದ ಏಕರೂಪತೆಯನ್ನು ರೈಲು ನಿಲ್ದಾಣದ ತಕ್ಕಡಿ ಕೆಲಮಟ್ಟಿಗೆ ಸಾಧಿಸಿತು.

1860ರ ಭಾರತೀಯ ದಂಡ ಸಂಹಿತೆಯು ತೂಕ-ಅಳತೆಯಲ್ಲಿ ವಂಚನೆ ಎಸಗುವುದನ್ನು ಅಪರಾಧವೆಂದು ಸಾರಿ ಅದಕ್ಕಾಗಿ ಒಂದು ಪ್ರತ್ಯೇಕ ಅಧ್ಯಾಯವನ್ನೇ ಇರಿಸಿತು. ಆದರೆ ಇಲ್ಲಿ ಮೂಲಭೂತ ಕೊರತೆಯೊಂದಿತ್ತು. ಸುಳ್ಳು ತೂಕವನ್ನು ಶಿಕ್ಷಿಸಬೇಕಾದರೆ ನಿಜವಾದ ತೂಕ ಯಾವುದೆಂದು ಕಾನೂನು ಮೊದಲು ಹೇಳಬೇಕು. ದೇಶಕ್ಕೆ ಅಂಥ ನಿಜವಾದ ತೂಕವೇ ಇರಲಿಲ್ಲ.

ಜಾರಿಗೆ ಬಾರದ ಕಾಯ್ದೆ

ಈ ಕೊರತೆಯನ್ನು ನೀಗಿಸುವ ಪ್ರಯತ್ನ ನಡೆದದ್ದು ವೈಸರಾಯ್ ಲಾರ್ಡ್ ಮೇಯೋ ಕಾಲದಲ್ಲಿ. 1870ರಲ್ಲಿ ಒಂದು ಕಾಯ್ದೆ, ಅದರ ಬದಲಿಗೆ 1871ರಲ್ಲಿ ಇನ್ನೊಂದು ಕಾಯ್ದೆ ಅಂಗೀಕಾರವಾದವು. ಇವು ಭಾರತದ ಸೇರನ್ನು ಫ್ರಾನ್ಸಿನ ಕಿಲೋಗ್ರಾಂಗೆ ಸಮವಾಗಿ ನಿಗದಿಪಡಿಸಿದವು. ಹೆಸರು ದೇಶೀಯ, ತೂಕ ಅಂತರರಾಷ್ಟ್ರೀಯ ಎಂಬ ಜಾಣ ವ್ಯವಸ್ಥೆ ಅದು. ಹಳೆಯ ಬಂಗಾಳಿ ಸೇರು 933 ಗ್ರಾಂ ಇದ್ದುದರಿಂದ ವ್ಯತ್ಯಾಸವಿದ್ದದ್ದು 67 ಗ್ರಾಂ ಮಾತ್ರ.

ಆ ಕಾಯ್ದೆ ಪುಸ್ತಕದಲ್ಲಿಯೇ ಉಳಿಯಿತು. ಅದನ್ನು ಜಾರಿಗೆ ತರಲಿಲ್ಲ. ಬ್ರಿಟನ್ ತನ್ನ ನೆಲದಲ್ಲಿ ಪೌಂಡ್ ಮತ್ತು ಗಜಗಳನ್ನು ಬಿಡಲು ಸಿದ್ಧವಿರದಿದ್ದ ಕಾಲವದು. 1875ರ ಮೇ 20ರಂದು ಪ್ಯಾರಿಸಿನಲ್ಲಿ 17 ರಾಷ್ಟ್ರಗಳು ಮೀಟರ್ ಒಡಂಬಡಿಕೆಗೆ ಸಹಿ ಹಾಕಿದಾಗ ಬ್ರಿಟನ್ ಅವುಗಳಲ್ಲಿ ಇರಲಿಲ್ಲ. 1889ರಲ್ಲಿ ಭಾರತಕ್ಕಾಗಿ ಉದ್ದಳತೆಯ ಕಾಯ್ದೆ ಬಂದಾಗ ಅದು ಇಂಗ್ಲಿಷ್ ಗಜವನ್ನೇ ಪ್ರಮಾಣವನ್ನಾಗಿ ಮಾಡಿತು. 1871ರ ಸೇರು ಬಳಕೆಗೆ ಬಂದಿದ್ದರೆ ಕಿಲೋ ಭಾರತಕ್ಕೆ ಎಂಟು ದಶಕಗಳ ಮೊದಲೇ, ಅದೂ ಸೇರೆಂಬ ಪರಿಚಿತ ಹೆಸರಿನಲ್ಲಿ ಬಂದಿರುತ್ತಿತ್ತು.

1913ರಲ್ಲಿ ಸಿಲ್ಬರಾಡ್ ಅಧ್ಯಕ್ಷತೆಯಲ್ಲಿ ನೇಮಕಗೊಂಡ ತೂಕ-ಅಳತೆ ಸಮಿತಿಯು ಮತ್ತೊಮ್ಮೆ ಈ ವಿಷಯವನ್ನು ಕೈಗೆತ್ತಿಕೊಂಡಿತು. ಸಮಿತಿಯ ಬಹುಮತದ ಶಿಫಾರಸು 180 ಗ್ರೇನ್ ತೊಲದ ರೈಲ್ವೆ ಪದ್ಧತಿಯ ಪರವಾಗಿತ್ತು. ಅಷ್ಟರಲ್ಲಿ 1919ರ ಸುಧಾರಣೆಗಳು ಬಂದು ತೂಕ-ಅಳತೆಯ ವಿಷಯ ಪ್ರಾಂತ್ಯಗಳ ಪಾಲಿಗೆ ಹೋಯಿತು. ಬೊಂಬಾಯಿ ಪ್ರಾಂತ್ಯ 1932ರಲ್ಲಿ ತನ್ನದೇ ಆದ ತೂಕ ಮತ್ತು ಅಳತೆ ಕಾಯ್ದೆ ಮಾಡಿತು. ಉತ್ತರ ಕನ್ನಡವೂ ಅದರ ವ್ಯಾಪ್ತಿಯಲ್ಲಿತ್ತು.

ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವ ತೂಕದ ಪ್ರಮಾಣ ಕಾಯ್ದೆ ಬಂದದ್ದು 1939ರಲ್ಲಿ. ಜಾರಿಗೆ ಬಂದದ್ದು 1942ರ ಜುಲೈ 1ರಂದು. 180 ಗ್ರೇನ್‌ನ ತೊಲ, 80 ತೊಲದ ಸೇರು, 40 ಸೇರಿನ ಮಣ ಎಂಬ ಸೂತ್ರ ಕೊನೆಗೂ ಕೇಂದ್ರ ಕಾನೂನಾಯಿತು. ಆದರೆ ಅದರ ಹೆಸರೇ ಹೇಳುವಂತೆ ಅದು ತೂಕಕ್ಕೆ ಮಾತ್ರ ಸೀಮಿತ. ಕೊಳಗ, ಬಳ್ಳಗಳಂಥ ಪಾತ್ರೆಯ ಅಳತೆಗಳು ಅದರ ವ್ಯಾಪ್ತಿಯಿಂದ ಹೊರಗೇ ಉಳಿದವು.

ಕೊಳಗದ ಗಾತ್ರಕ್ಕಾಗಿ ಸತ್ಯಾಗ್ರಹ

ಈ ಲೋಪದ ಬೆಲೆ ಏನೆಂಬುದು ಸ್ವಾತಂತ್ರ್ಯಾನಂತರ ಮಲೆನಾಡಿನಲ್ಲಿಯೇ ಬಯಲಾಯಿತು. ಉತ್ತರ ಕನ್ನಡದ ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಕರ್ನಾಟಕದ ಭೂಸುಧಾರಣೆಯ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಆದರೆ ಅದರ ಕಿಡಿ ಹೊತ್ತಿದ್ದು ಭೂಒಡೆತನದ ಪ್ರಶ್ನೆಯಿಂದಲ್ಲ, ಕೊಳಗದ ಗಾತ್ರದಿಂದ ಎಂಬುದನ್ನು ಇಂದು ನೆನೆಯುವವರು ಕಡಿಮೆ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಭೂಮಾಲೀಕರು ಬಳಸುವ ಕೊಳಗ ನಿಗದಿತ ಪ್ರಮಾಣಕ್ಕಿಂತ ದೊಡ್ಡದೆಂಬುದು ಗೇಣಿದಾರರ ಆಕ್ಷೇಪವಾಗಿತ್ತು. ದೊಡ್ಡ ಕೊಳಗದಲ್ಲಿ ಗೇಣಿ ಅಳೆಯಲು ಅವರು ನಿರಾಕರಿಸಿದರು.

ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡ ಮತ್ತು ಸಮಾಜವಾದಿ ಪಕ್ಷದ ಸಂಗಾತಿಗಳು ಬೆಂಬಲಕ್ಕೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದಾಗ ಕಾಗೋಡಿನ ಹೆಸರು ದೇಶದ ಪತ್ರಿಕೆಗಳಿಗೆ ತಲುಪಿತು.

ಕಾಗೋಡು ಕಲಿಸಿದ ಪಾಠ ಸ್ಪಷ್ಟ. ಅಳತೆಯ ಪಾತ್ರೆ ವ್ಯವಹಾರದ ಒಂದು ಪಕ್ಷದ ಮನೆಯಲ್ಲಿದ್ದರೆ ಇನ್ನೊಂದು ಪಕ್ಷಕ್ಕೆ ನ್ಯಾಯ ಸಿಗುವುದು ಆ ಮನೆಯವರ ಮನಸ್ಸಾಕ್ಷಿಯನ್ನು ಅವಲಂಬಿಸಿರುತ್ತದೆ. ಗೇಣಿಯ ದರ ಕಾಗದದ ಮೇಲೆ ಎಷ್ಟೇ ಇರಲಿ, ಕೊಳಗ ದೊಡ್ಡದಾದಷ್ಟೂ ದರವೂ ದೊಡ್ಡದಾಗುತ್ತದೆ. ಆದ್ದರಿಂದ ಅಳತೆಯು ಮೂರನೆಯವರ, ಅಂದರೆ ಪ್ರಭುತ್ವದ ಕೈಯಲ್ಲಿರಬೇಕು. ಅದಕ್ಕೆ ಪ್ರಭುತ್ವದ ಮುದ್ರೆ ಇರಬೇಕು. 1974ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿದ ಮೇಲೆ ಗೇಣಿಯ ಕೊಳಗಕ್ಕೆ ಕೆಲಸವಿಲ್ಲದಂತಾಯಿತು. ಅಳತೆಯ ಪ್ರಶ್ನೆ ಮಾತ್ರ ಮಾರುಕಟ್ಟೆಯಲ್ಲಿ ಮುಂದುವರಿಯಿತು.

ಹೊಸ ರಾಜ್ಯ, ಹೊಸ ತೂಕ

ಸ್ವತಂತ್ರ ಭಾರತದ ಸಂವಿಧಾನವು ತೂಕ ಮತ್ತು ಅಳತೆಯ ಪ್ರಮಾಣಗಳನ್ನು ನಿಗದಿಪಡಿಸುವ ಅಧಿಕಾರವನ್ನು ಕೇಂದ್ರ ಪಟ್ಟಿಯ 50ನೇ ನಮೂದಿನಲ್ಲಿ ಇರಿಸಿತು. ಅವುಗಳನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳದ್ದಾಯಿತು. 1955ರ ಏಪ್ರಿಲ್‌ನಲ್ಲಿ ಲೋಕಸಭೆಯು ದೇಶದಾದ್ಯಂತ ಮೆಟ್ರಿಕ್ ಪದ್ಧತಿಯನ್ನು ತರಬೇಕೆಂಬ ನಿರ್ಣಯ ಅಂಗೀಕರಿಸಿತು. ತೂಕ ಮತ್ತು ಅಳತೆಯ ಪ್ರಮಾಣ ಕಾಯ್ದೆಗೆ 1956ರ ಡಿಸೆಂಬರ್ 28ರಂದು ಅಂಕಿತ ಬಿತ್ತು.

ಆ ಹೊತ್ತಿಗೆ ವಿಶಾಲ ಮೈಸೂರು ರಾಜ್ಯಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ. 1956ರ ನವೆಂಬರ್ 1ರಂದು ಹಳೆಯ ಮೈಸೂರು, ಬೊಂಬಾಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದ್ರಾಸಿನ ಕನ್ನಡ ಪ್ರದೇಶಗಳು ಮತ್ತು ಕೊಡಗು ಒಂದಾಗಿದ್ದವು. ಹಳಿಯಾಳ, ಸೂಪಾ, ಮುಂಡಗೋಡ ಸೀಮೆ ಬೊಂಬಾಯಿಯಿಂದ ಮೈಸೂರಿಗೆ ಬಂದಿತ್ತು. ಐದು ಆಡಳಿತಗಳ ವಾಡಿಕೆಗಳನ್ನು ಹೊತ್ತು ತಂದ ರಾಜ್ಯಕ್ಕೆ ಯಾವ ಸೇರನ್ನು ಉಳಿಸಬೇಕೆಂಬ ಜಗಳಕ್ಕೆ ಆಸ್ಪದವೇ ಉಳಿಯಲಿಲ್ಲ. ಎಲ್ಲರ ಸೇರೂ ಹೋಗಿ ಎಲ್ಲರಿಗೂ ಹೊಸದಾದ ಕಿಲೋ ಬಂತು. ರಾಜ್ಯವು 1958ರಲ್ಲಿ ತನ್ನ ತೂಕ ಮತ್ತು ಅಳತೆ (ಜಾರಿ) ಕಾಯ್ದೆಯನ್ನು ಮಾಡಿತು.

ಜನಸಾಮಾನ್ಯರಿಗೆ ಬದಲಾವಣೆಯ ಮೊದಲ ಬಿಸಿ ತಟ್ಟಿದ್ದು ತಕ್ಕಡಿಯಿಂದಲ್ಲ, ನಾಣ್ಯದಿಂದ. 1957ರ ಏಪ್ರಿಲ್ 1ರಂದು 16 ಆಣೆ, 64 ಪೈಸೆ, 192 ಪೈ ಇದ್ದ ರೂಪಾಯಿ 100 ನಯೇ ಪೈಸೆಯಾಯಿತು. ಒಂದು ಆಣೆಗೆ ಆರೂಕಾಲು ನಯೇ ಪೈಸೆ. ಆದರೆ ಕಾಲು ಪೈಸೆಯ ನಾಣ್ಯವಿಲ್ಲ. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯೇ ಪೈಸೆ ಎಂಬ ಕೋಷ್ಟಕವನ್ನು ಪಾಲಿಸಬೇಕಾಯಿತು. ನಾಣ್ಯದ ಹೆಸರಿನಿಂದ ‘ನಯೇ’ ಎಂಬುದನ್ನು ಕೈಬಿಟ್ಟದ್ದು 1964ರ ಜೂನ್ 1ರಂದು. ನಾಲ್ಕಾಣೆ, ಎಂಟಾಣೆ ಎಂಬ ಮಾತು ಅದರ ನಂತರವೂ ದಶಕಗಳ ಕಾಲ ಬಾಳಿತು.

ಮೆಟ್ರಿಕ್ ತೂಕವನ್ನು 1958ರ ಅಕ್ಟೋಬರ್ 1ರಿಂದ ಆಯ್ದ ಪ್ರದೇಶ ಹಾಗೂ ಉದ್ಯಮಗಳಲ್ಲಿ ಹಂತ ಹಂತವಾಗಿ ತರಲಾಯಿತು. ಕೆಲಕಾಲ ಹಳೆಯ ಮತ್ತು ಹೊಸ ತೂಕಗಳೆರಡೂ ಚಲಾವಣೆಯಲ್ಲಿದ್ದವು. 1962ರ ಏಪ್ರಿಲ್ 1ರ ಹೊತ್ತಿಗೆ ಮೆಟ್ರಿಕ್ ಪದ್ಧತಿ ಕಡ್ಡಾಯವಾಯಿತು. ಸೇರಿಗಿಂತ ಕಿಲೋ 67 ಗ್ರಾಂ ಹೆಚ್ಚು. ಗಜಕ್ಕಿಂತ ಮೀಟರ್ 8.56 ಸೆಂಟಿಮೀಟರ್ ಉದ್ದ. ಹಳೆಯ ದರಕ್ಕೆ ಹೊಸ ಅಳತೆಯನ್ನು ಹೊಂದಿಸುವಾಗ ಲೆಕ್ಕ ಬಲ್ಲವನಿಗೆ ಲಾಭ, ಬಾರದವನಿಗೆ ನಷ್ಟ. ಹೀಗಾಗಿ ಪರಿವರ್ತನಾ ಕೋಷ್ಟಕಗಳು ಅಂಗಡಿಗಳ ಗೋಡೆಗೂ ಶಾಲೆಯ ಪುಸ್ತಕಗಳಿಗೂ ಬಂದವು.

57ನೇ ಸಂಖ್ಯೆಯ ಕಿಲೋ

ಕಿರಾಣಿ ಅಂಗಡಿಯ ಒಂದು ಕಿಲೋ ಬಟ್ಟು ನಿಜಕ್ಕೂ ಒಂದು ಕಿಲೋ ಎಂದು ಹೇಳುವವರು ಯಾರು? ಇದಕ್ಕೊಂದು ಸರಪಳಿಯಿದೆ. 1950ರ ಜನವರಿಯಲ್ಲಿ ಉದ್ಘಾಟನೆಗೊಂಡ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ದೇಶದ ಮೂಲ ಪ್ರಮಾಣಗಳ ಪಾಲಕ ಸಂಸ್ಥೆ. ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ಕಿಲೋಗ್ರಾಂನ 57ನೇ ಸಂಖ್ಯೆಯ ಪ್ರತಿ ಇಲ್ಲಿದೆ. ಪ್ಲಾಟಿನಂ ಮತ್ತು ಇರಿಡಿಯಂ ಮಿಶ್ರಲೋಹದ ಈ ಪುಟ್ಟ ಉರುಳೆಯೇ ಹಲವು ದಶಕಗಳ ಕಾಲ ಭಾರತದ ಎಲ್ಲ ತೂಕಗಳ ತಾಯಿಬೇರಾಗಿತ್ತು. ಭಾರತವು 1957ರಲ್ಲಿ ಮೀಟರ್ ಒಡಂಬಡಿಕೆಯನ್ನು ಸೇರಿತು.

ಈ ಮೂಲ ಪ್ರಮಾಣದಿಂದ ನಿರ್ದೇಶನ ಪ್ರಮಾಣ, ಅದರಿಂದ ದ್ವಿತೀಯಕ ಪ್ರಮಾಣ, ಅದರಿಂದ ನಿರೀಕ್ಷಕರ ಬಳಿ ಇರುವ ಕಾರ್ಯನಿರತ ಪ್ರಮಾಣ, ಕೊನೆಗೆ ಅಂಗಡಿಯ ಬಟ್ಟು. ಪ್ರತಿ ಮೆಟ್ಟಿಲಿನಲ್ಲಿಯೂ ಕೆಳಗಿನದ್ದನ್ನು ಮೇಲಿನದ್ದರೊಂದಿಗೆ ಹೋಲಿಸಿ ನೋಡಲಾಗುತ್ತದೆ. ಪ್ರಮಾಣ ತೂಕಗಳ ತಯಾರಿಕೆ ಮುಂಬಯಿಯ ಟಂಕಸಾಲೆಯಲ್ಲಿ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ನಿರ್ದೇಶನ ಪ್ರಮಾಣ ಪ್ರಯೋಗಾಲಯವಿದೆ.

ಎರಕದ ಕಬ್ಬಿಣದ ಬಟ್ಟಿನಲ್ಲಿ ಸೀಸ ತುಂಬಿದ ಕುಳಿಯೊಂದು ಇರುವುದನ್ನು ಹಲವರು ಕಂಡಿರಬಹುದು. ಬಟ್ಟು ತುಸು ಹಗುರವಿದ್ದರೆ ಸೀಸ ಸೇರಿಸಿ ಸರಿಪಡಿಸುವುದು ಅಲ್ಲಿಯೇ. ನಿರೀಕ್ಷಕರು ಮುದ್ರೆ ಒತ್ತುವುದೂ ಆ ಸೀಸದ ಮೇಲೆಯೇ. ಸೀಸವನ್ನು ಕೆರೆದು ತೆಗೆದರೆ ಮುದ್ರೆ ಅಳಿಯುತ್ತದೆ. ಸರಳವಾದರೂ ಭದ್ರವಾದ ಏರ್ಪಾಡು ಅದು.

2019ರ ಮೇ 20ರಿಂದ ಲೋಹದ ಉರುಳೆಯನ್ನು ಆಧರಿಸಿದ ಕಿಲೋಗ್ರಾಂ ವ್ಯಾಖ್ಯೆ ಜಗತ್ತಿನಾದ್ಯಂತ ಕೊನೆಗೊಂಡಿತು. ಈಗ ಅದರ ಆಧಾರ ಪ್ಲಾಂಕ್ ಸ್ಥಿರಾಂಕವೆಂಬ ನಿಸರ್ಗದ ಮೌಲ್ಯ. ಸವೆಯುವ, ಕಳುವಾಗುವ ವಸ್ತುವಿನಿಂದ ಅಳತೆ ಬಿಡುಗಡೆ ಹೊಂದಿತು. ಅಂಗಡಿಯ ತಕ್ಕಡಿಗೆ ಇದರಿಂದ ಯಾವ ವ್ಯತ್ಯಾಸವೂ ಆಗಿಲ್ಲ.

ತಕ್ಕಡಿಯಿಂದ ಪೊಟ್ಟಣಕ್ಕೆ

1956ರ ಕಾಯ್ದೆ ತಕ್ಕಡಿಯ ಕಾಲದ್ದು. ಗ್ರಾಹಕನ ಕಣ್ಣೆದುರು ತೂಗದೆ ಕಾರ್ಖಾನೆಯಲ್ಲೇ ತುಂಬಿ ಬರುವ ಸರಕು ಹೆಚ್ಚಿದಂತೆ ಹೊಸ ಕಾನೂನು ಬೇಕಾಯಿತು. 1976ರ ತೂಕ ಮತ್ತು ಅಳತೆಯ ಪ್ರಮಾಣ ಕಾಯ್ದೆ, ಅದರಡಿ 1977ರ ಪೊಟ್ಟಣ ಸರಕು ನಿಯಮಗಳು ಬಂದವು. ನಿವ್ವಳ ತೂಕ, ತಯಾರಕರ ಹೆಸರು-ವಿಳಾಸ, ತಯಾರಾದ ತಿಂಗಳು, ಬೆಲೆ ಮುಂತಾದುವನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಕಡ್ಡಾಯವಾಯಿತು. 42ನೇ ಸಂವಿಧಾನ ತಿದ್ದುಪಡಿಯು ಜಾರಿಯ ವಿಷಯವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದಿತು. ಇದರ ಬೆನ್ನಿಗೆ 1985ರಲ್ಲಿ ದೇಶಕ್ಕೆಲ್ಲ ಒಂದೇ ಜಾರಿ ಕಾಯ್ದೆ ಬಂತು.

ಈ ಎರಡೂ ಕಾಯ್ದೆಗಳ ಸ್ಥಾನದಲ್ಲಿ ಬಂದದ್ದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಅದು 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತೂಕ ಮತ್ತು ಅಳತೆ ಇಲಾಖೆಯೆಂದು ಜನರಿಗೆ ಪರಿಚಿತವಾಗಿದ್ದ ಇಲಾಖೆ ಈಗ ಕಾನೂನು ಮಾಪನಶಾಸ್ತ್ರ ಇಲಾಖೆ. ಪ್ರಮಾಣಿತವಲ್ಲದ ಅಳತೆಯಲ್ಲಿ ದರ ಹೇಳುವುದನ್ನೂ ಜಾಹೀರಾತು ನೀಡುವುದನ್ನೂ ಕಾಯ್ದೆಯ 11ನೇ ಕಲಂ ನಿಷೇಧಿಸುತ್ತದೆ. ಪೊಟ್ಟಣಗಳಿಗೆ ನಿಗದಿತ ಗಾತ್ರಗಳಿರಬೇಕೆಂಬ ಕಟ್ಟುಪಾಡನ್ನು 2021ರಲ್ಲಿ ಹೊರಡಿಸಿದ ತಿದ್ದುಪಡಿ ಕೈಬಿಟ್ಟಿತು. ಅದಕ್ಕೆ ಬದಲಾಗಿ ಗ್ರಾಂ, ಕಿಲೋ ಅಥವಾ ಲೀಟರಿಗೆ ಎಷ್ಟು ಬೆಲೆಯಾಗುತ್ತದೆ ಎಂಬುದನ್ನು ಮುದ್ರಿಸಬೇಕೆಂದು ವಿಧಿಸಿತು. ಅರ್ಧ ಕಿಲೋ ಪೊಟ್ಟಣದಂತೆ ಕಾಣುವುದು 450 ಗ್ರಾಂ ಆಗಿರಬಹುದು. ಪೊಟ್ಟಣದ ಗಾತ್ರ ನೋಡಿ ಮೋಸಹೋಗದಿರಲು ಈ ಚಿಕ್ಕ ಅಕ್ಷರದ ದರವೇ ಗ್ರಾಹಕನಿಗಿರುವ ರಕ್ಷೆ.

ಕಾನೂನು ಮುಟ್ಟದ ಅಳತೆಗಳು

ಇಷ್ಟೆಲ್ಲ ಆದರೂ ಹಳೆಯ ಅಳತೆಗಳು ಸರ್ಕಾರಿ ಕಡತಗಳಲ್ಲಿಯೇ ಉಳಿದಿರುವುದು ವಿಶೇಷ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ. ಬ್ರಿಟಿಷರ ಕಾಲದ ಭೂಮಾಪಕರು ಬಳಸಿದ 33 ಅಡಿಯ ಸರಪಳಿಯೇ ಅದರ ಮೂಲ. ಸರಪಳಿಯನ್ನು 16 ಆಣೆಗಳಾಗಿ ಭಾಗಿಸಲಾಗಿತ್ತು. ನಾಣ್ಯದಿಂದ 1957ರಲ್ಲಿ ಹೊರಬಿದ್ದ ಆಣೆ ಜಮೀನಿನ ಲೆಕ್ಕದಲ್ಲಿ ಇನ್ನೂ ಕಾಣಿಸಿಕೊಳ್ಳುತ್ತದೆ. ಹಕ್ಕಿನ ದಾಖಲೆಯಲ್ಲಿ ಅಂಕಿ ಬದಲಿಸುವುದೆಂದರೆ ಲಕ್ಷಾಂತರ ಹಿಡುವಳಿಗಳಲ್ಲಿ ವಿವಾದಕ್ಕೆ ಬಾಗಿಲು ತೆರೆದಂತೆ. ಹೀಗಾಗಿ ಎಕರೆ-ಗುಂಟೆಗಳ ತಂಟೆಗೆ ಯಾರೂ ಹೋಗಿಲ್ಲ.

ನೀರಿನ ಕಥೆಯೂ ಅದೇ. ಟಿಎಂಸಿ ಎಂದರೆ ಶತಕೋಟಿ ಘನ ಅಡಿ. ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಸೂಪಾ ಜಲಾಶಯದ 145 ಟಿಎಂಸಿಯನ್ನು ಮೆಟ್ರಿಕ್‌ನಲ್ಲಿ ಹೇಳುವುದಾದರೆ ಸುಮಾರು 410 ಕೋಟಿ ಘನ ಮೀಟರ್. ನದಿನೀರಿನ ಹಳೆಯ ಒಪ್ಪಂದಗಳು, ನ್ಯಾಯಮಂಡಳಿಗಳ ಐತೀರ್ಪುಗಳು ಘನ ಅಡಿಯಲ್ಲಿಯೇ ಇವೆ. ಕಾವೇರಿ ವಿವಾದದಲ್ಲಿ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿ ಎಂದೇ ನಿಗದಿಪಡಿಸಿತು. ಪಾಲು ಹಂಚಿಕೆಯ ಭಾಷೆ ಒಮ್ಮೆ ಬೇರೂರಿದ ಮೇಲೆ ಅದನ್ನು ಬದಲಿಸುವ ಧೈರ್ಯ ಯಾವ ರಾಜ್ಯಕ್ಕೂ ಬರುವುದಿಲ್ಲ.

ಬಂಗಾರದ ಪೇಟೆಯಲ್ಲಿ ನಡೆದಿರುವುದು ಇನ್ನೊಂದು ಬಗೆ. ನಿಜವಾದ ತೊಲ 11.66 ಗ್ರಾಂ. ಆದರೆ ಆಡುಮಾತಿನಲ್ಲಿ ತೊಲವೆಂದರೆ ಈಗ 10 ಗ್ರಾಂ. ಹೆಸರು ಹಳೆಯದು, ಒಳಗಿನ ತೂಕ ಹೊಸದು. 1871ರ ಕಾಯ್ದೆ ಸೇರಿಗೆ ಮಾಡಹೊರಟಿದ್ದನ್ನು ಬಳಕೆಯೇ ತೊಲಕ್ಕೆ ಮಾಡಿ ಮುಗಿಸಿದೆ.

ಹಳೆಯ ಅಳತೆ – ಇಂದಿನ ಲೆಕ್ಕ

ತೊಲ: 11.66 ಗ್ರಾಂ
ಛಟಾಕು (5 ತೊಲ): 58.3 ಗ್ರಾಂ
ಸೇರು (80 ತೊಲ): 933.1 ಗ್ರಾಂ
ರೈಲ್ವೆ ಮಣ (40 ಸೇರು): 37.32 ಕಿಲೋ
ಹಳೆಯ ಬೊಂಬಾಯಿ ಮಣ (28 ಪೌಂಡ್): 12.7 ಕಿಲೋ
ಹಳೆಯ ಮದ್ರಾಸ್ ಮಣ (25 ಪೌಂಡ್): 11.34 ಕಿಲೋ
ಬೊಂಬಾಯಿ ಖಂಡಿ (20 ಮಣ): 254 ಕಿಲೋ
ಗಜ: 91.44 ಸೆಂಟಿಮೀಟರ್
ಗುಂಟೆ: 101.17 ಚದರ ಮೀಟರ್
ಎಕರೆ (40 ಗುಂಟೆ): 4,046.86 ಚದರ ಮೀಟರ್
ಕ್ಯೂಸೆಕ್: ಸೆಕೆಂಡಿಗೆ 28.32 ಲೀಟರ್

ಮುದ್ರೆ ನೋಡುವ ಅಭ್ಯಾಸ

ಜೊಯಿಡಾ ಸೀಮೆಯ ಕುಣಬಿ ಕೃಷಿಕರು ಬೆಳೆಯುವ ಮುಡ್ಲಿ ಮತ್ತಿತರ ಗೆಡ್ಡೆ-ಗೆಣಸು, ಹಳಿಯಾಳ ಮತ್ತು ಮುಂಡಗೋಡದ ಭತ್ತ, ಗೌಳಿಗರ ಹಾಲು, ಕಬ್ಬು ಬೆಳೆಗಾರರ ಗಾಡಿ, ಇವೆಲ್ಲವೂ ಒಂದಲ್ಲ ಒಂದು ತಕ್ಕಡಿಯನ್ನು ಹಾಯ್ದೇ ಹಣವಾಗಬೇಕು. ಆ ತಕ್ಕಡಿ ಬಹುತೇಕ ಕೊಳ್ಳುವವರದ್ದು. ನಗರದ ಅಂಗಡಿಯಲ್ಲಿ ತಕ್ಕಡಿ ಮಾರುವವರದ್ದು. ಎರಡೂ ಕಡೆ ದುರ್ಬಲ ಪಕ್ಷದ ಕೈಯಲ್ಲಿ ತಕ್ಕಡಿಯಿಲ್ಲ.

ಈ ಅಂತರವನ್ನು ತುಂಬುವುದಕ್ಕೇ ಮುದ್ರೆ ಇರುವುದು. 2011ರ ನಿಯಮಗಳ ಪ್ರಕಾರ ಬಟ್ಟುಗಳನ್ನು 24 ತಿಂಗಳಿಗೊಮ್ಮೆ, ವಿದ್ಯುನ್ಮಾನ ತಕ್ಕಡಿಗಳನ್ನು 12 ತಿಂಗಳಿಗೊಮ್ಮೆ ಮರುಪರಿಶೀಲನೆಗೆ ಒಳಪಡಿಸಬೇಕು. ಪರಿಶೀಲನೆಯ ಪ್ರಮಾಣಪತ್ರ ಗ್ರಾಹಕರಿಗೆ ಕಾಣುವಂತಿರಬೇಕು. ತೂಗುವ ಮೊದಲು ಪರದೆಯ ಮೇಲೆ ಸೊನ್ನೆ ಇದೆಯೇ ಎಂದು ನೋಡುವುದು, ಪೆಟ್ರೋಲ್ ಬಂಕಿನಲ್ಲಿ ಸಂಶಯ ಬಂದರೆ ಮುದ್ರೆಯುಳ್ಳ 5 ಲೀಟರ್ ಅಳತೆಪಾತ್ರೆಯಲ್ಲಿ ಅಳೆದು ತೋರಿಸಲು ಕೇಳುವುದು, ಅಡುಗೆ ಅನಿಲದ ಸಿಲಿಂಡರನ್ನು ಮನೆಬಾಗಿಲಲ್ಲಿ ತೂಗಿಸಿಕೊಳ್ಳುವುದು, ಪೊಟ್ಟಣದ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಕೊಡದಿರುವುದು ಗ್ರಾಹಕರ ಹಕ್ಕುಗಳು. ರೈತರಿಗೆ ಸಂಬಂಧಿಸಿದಂತೆ ತಮ್ಮ ಸರಕನ್ನು ತೂಗುವ ಯಂತ್ರಕ್ಕೆ ಚಾಲ್ತಿಯಲ್ಲಿರುವ ಮುದ್ರೆ ಇದೆಯೇ ಎಂದು ಕೇಳುವುದೂ ಅಷ್ಟೇ ಮುಖ್ಯ.

ಕೇಳುವುದು ಸಂಕೋಚದ ವಿಷಯವೆಂದು ಭಾವಿಸುವವರಿದ್ದಾರೆ. ತೂಕವನ್ನು ಪ್ರಶ್ನಿಸಿದರೆ ವರ್ತಕನ ಮರ್ಯಾದೆಯನ್ನೇ ಪ್ರಶ್ನಿಸಿದಂತೆ ಎಂಬ ಭಾವನೆ ಬಲವಾಗಿದೆ. ಆದರೆ ಕಾನೂನು ಯಾರ ಪ್ರಾಮಾಣಿಕತೆಯನ್ನೂ ಅಳೆಯುವುದಿಲ್ಲ, ತಕ್ಕಡಿಯನ್ನಷ್ಟೇ ಅಳೆಯುತ್ತದೆ. ಸರಿಯಾದ ಮುದ್ರೆ ಪ್ರಾಮಾಣಿಕ ವರ್ತಕನಿಗೂ ರಕ್ಷಣೆ. 1951ರಲ್ಲಿ ಕೊಳಗದ ಗಾತ್ರ ಕೇಳಿದ್ದಕ್ಕೆ ಕಾಗೋಡಿನ ಗೇಣಿದಾರರು ಸೆರೆಮನೆ ಕಾಣಬೇಕಾಯಿತು. ಈಗ ಅದೇ ಪ್ರಶ್ನೆ ಕೇಳಲು ಕಾನೂನೇ ಅವಕಾಶ ಕೊಟ್ಟಿದೆ, ಕೇಳುವವರು ಬೇಕಾಗಿದ್ದಾರೆ.